ನದಿ ಮೆಟ್ಟಿಲಿನ ಜೇಡಿಮಣ್ಣು: ಗುಂಡಿ ತೋಡಿ, ಪದರ ಓದಿ, ವರ್ಗ ಗುರುತಿಸುವ ಬಗೆ

ನದಿ ತನ್ನ ಪಾತ್ರವನ್ನು ಕೊರೆಯುತ್ತ ಕೆಳಗಿಳಿದಂತೆ, ಒಂದು ಕಾಲಕ್ಕೆ ಪ್ರವಾಹದ ನೀರು ಹರಡುತ್ತಿದ್ದ ಬಯಲು ಎತ್ತರದಲ್ಲೇ ಉಳಿದುಬಿಡುತ್ತದೆ. ಮತ್ತೆ ಕೊರೆದರೆ ಅದರ ಕೆಳಗೆ ಇನ್ನೊಂದು ಬಯಲು ಉಳಿಯುತ್ತದೆ. ಹೀಗೆ ಕಣಿವೆಯ ಬದಿಯಲ್ಲಿ ಒಂದರ ಮೇಲೊಂದರಂತೆ ನಿಂತ ಸಮತಟ್ಟು ನೆಲವನ್ನು ಭೂವಿಜ್ಞಾನದವರು ಟೆರೇಸ್ ಎನ್ನುತ್ತಾರೆ. ನಾವು ನದಿ ಮೆಟ್ಟಿಲು ಎನ್ನೋಣ. ಇಂಥ ನೆಲದಲ್ಲಿ ಜೇಡಿ ಹೆಚ್ಚಿರುವ ಮಣ್ಣು ಸಿಕ್ಕಾಗ ಅದರ ಗುಣ ದಾಖಲಿಸಿ ವರ್ಗ ಗುರುತಿಸುವುದು ಹೇಗೆ ಎಂಬುದು ಈ ಬರಹದ ವಿಷಯ.

ಕೆಲಸ ಶುರುಮಾಡುವ ಮೊದಲೇ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ಜೇಡಿ ಎಲ್ಲಿಂದ ಬಂತು? ಪ್ರವಾಹದ ನಿಂತ ನೀರಿನಿಂದ ತಳಕ್ಕೆ ಕೂತದ್ದೇ? ಮೇಲಿನ ಪದರದಿಂದ ಮಳೆನೀರಿನ ಜೊತೆ ಇಳಿದು ಕೆಳಗೆ ಶೇಖರವಾದದ್ದೇ? ಅಥವಾ ಅಲ್ಲೇ ಇದ್ದ ಖನಿಜಗಳು ಶಿಥಿಲವಾಗಿ ಹುಟ್ಟಿದ್ದೇ? ಬೆಟ್ಟದ ಇಳಿಜಾರಿನ ಮಣ್ಣಿನಲ್ಲಿ ಆಳಕ್ಕೆ ಹೋದಂತೆ ಜೇಡಿ ಹೆಚ್ಚಾದರೆ ಅದು ಮೇಲಿನಿಂದ ಇಳಿದದ್ದೆಂದು ಊಹಿಸಬಹುದೇನೋ. ನದಿ ಮೆಟ್ಟಿಲಿನಲ್ಲಿ ಆ ಊಹೆ ನಡೆಯುವುದಿಲ್ಲ, ಯಾಕೆಂದರೆ ನದಿಯೇ ಒಂದು ವರ್ಷ ಮರಳು ತಂದು ಹಾಕಿ, ಇನ್ನೊಂದು ವರ್ಷ ಬರೀ ಜೇಡಿ ಹಾಕಿರುತ್ತದೆ. ಮುಂದಿನ ಪ್ರತಿ ಹಂತದಲ್ಲೂ ನೀವು ಹುಡುಕುತ್ತಿರುವುದು ಈ ಪ್ರಶ್ನೆಯ ಉತ್ತರವನ್ನೇ.

ಮೊದಲು ಜಾಗ ನೋಡಿ

ಸನಿಕೆ ಹಿಡಿಯುವ ಮೊದಲು ನೆಲದ ಮೇಲೆ ಒಂದು ಸುತ್ತು ಹಾಕಿ. ನದಿಯಿಂದ ಎಷ್ಟನೇ ಮೆಟ್ಟಿಲು ಇದು, ಕೆಳಗಿನ ಮೆಟ್ಟಿಲಿಗೂ ಇದಕ್ಕೂ ಎಷ್ಟು ಎತ್ತರದ ವ್ಯತ್ಯಾಸ, ಈಗಿನ ಪ್ರವಾಹ ಇಲ್ಲಿಯವರೆಗೆ ಏರುತ್ತದೆಯೇ ಎಂಬುದನ್ನು ಬರೆದುಕೊಳ್ಳಿ. ನದಿ ಕೊರೆದುಕೊಂಡೇ ಇಳಿದ ಕಣಿವೆಯಲ್ಲಿ ಮೇಲಿನ ಮೆಟ್ಟಿಲು ಹಳೆಯದು, ಕೆಳಗಿನದು ಹೊಸದು. ಹಳೆಯ ಮೆಟ್ಟಿಲಿನ ಮಣ್ಣು ಹೆಚ್ಚು ಕಾಲ ಮಳೆ, ಬಿಸಿಲು, ಬೇರು ಕಂಡಿರುತ್ತದೆ. ಆದ್ದರಿಂದ ನೀರು ಚೆನ್ನಾಗಿ ಬಸಿಯುವ ಕಡೆ ಅದರ ಬಣ್ಣ ಕೆಂಪಿನತ್ತ ತಿರುಗಿರುತ್ತದೆ, ಪದರಗಳು ಸ್ಪಷ್ಟವಾಗಿರುತ್ತವೆ. ಹೊಸ ಮೆಟ್ಟಿಲಿನಲ್ಲಿ ಪ್ರವಾಹ ಹಾಕಿದ ತೆಳು ಪಟ್ಟೆಗಳು ಇನ್ನೂ ಅಳಿಸಿರುವುದಿಲ್ಲ.

ಗುಂಡಿಗೆ ಮೆಟ್ಟಿಲಿನ ನಡುಭಾಗ ಒಳ್ಳೆಯದು. ಅಂಚಿನಲ್ಲಿ ಮಣ್ಣು ಕೊಚ್ಚಿಹೋಗಿರುತ್ತದೆ. ಬೆಟ್ಟದ ಬುಡಕ್ಕೆ ತಾಗುವ ಕಡೆ ಮೇಲಿನಿಂದ ಜಾರಿ ಬಂದ ಮಣ್ಣು ಬೆರೆತಿರುತ್ತದೆ. ಹಳೆಯ ಕಾಲುವೆ ಹರಿದಿದ್ದ ತಗ್ಗು ಕಂಡರೆ ಅದನ್ನು ಬಿಡಿ, ಅದಕ್ಕೆ ಬೇರೆಯೇ ಗುಂಡಿ ಬೇಕು. ಗಾಳಿ ತಂದ ಧೂಳು ಮೆಟ್ಟಿಲಿನ ಮೇಲೆ ಹೊದಿಕೆಯಾಗಿ ಕೂತಿರುವ ಸಾಧ್ಯತೆಯನ್ನೂ ಮರೆಯಬೇಡಿ.

ಗುಂಡಿ

ಅಗಲ ಒಂದು ಮೀಟರ್, ಉದ್ದ ಎರಡು ಮೀಟರ್, ಆಳ ಒಂದೂವರೆಯಿಂದ ಎರಡು ಮೀಟರ್ ಇದ್ದರೆ ಸಾಕು. ಓದುವ ಗೋಡೆಗೆ ಬೆಳಕು ಬೀಳುವಂತೆ ದಿಕ್ಕು ನೋಡಿಕೊಳ್ಳಿ, ಎದುರು ಬದಿಯಲ್ಲಿ ಇಳಿಯಲು ಮೆಟ್ಟಿಲು ಬಿಡಿ. ಓದುವ ಗೋಡೆಯ ತಲೆಯ ಮೇಲೆ ಯಾರೂ ತುಳಿಯಬಾರದು, ಅಲ್ಲಿ ಮಣ್ಣೂ ಸುರಿಯಬಾರದು.

ಸುರಕ್ಷತೆಯ ಮಾತನ್ನು ಒತ್ತಿ ಹೇಳಬೇಕು. ಜೇಡಿಯ ಗೋಡೆ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ, ಆದರೆ ಹಿಗ್ಗಿ ಕುಗ್ಗುವ ಮಣ್ಣಿನ ಒಳಗೆ ಓರೆಯಾದ ಜಾರುಮೈಗಳು ಇರುತ್ತವೆ. ಸಡಿಲವಾದರೆ ಆ ಮೈಯ ಗುಂಟವೇ ಇಡೀ ತುಂಡು ಜಾರಿ ಬೀಳುತ್ತದೆ. ಎದೆಯುದ್ದಕ್ಕಿಂತ ಆಳವಾದ ಗುಂಡಿಗೆ ಒಬ್ಬರೇ ಇಳಿಯಬೇಡಿ. ಗೋಡೆಯನ್ನು ಇಳಿಜಾರಾಗಿ ಕಡಿಯಿರಿ, ಇಲ್ಲವೇ ಹಲಗೆ ಕೊಟ್ಟು ಆನಿಸಿ. ತೆಗೆದ ಮಣ್ಣನ್ನು ಅಂಚಿನಿಂದ ಒಂದು ಮೀಟರ್‌ನಷ್ಟು ದೂರ ಹಾಕಿ. ಮಳೆ ಬಂದ ಮೇಲೆ ಇಳಿಯುವುದೇ ಬೇಡ.

ಕಾಲವೂ ಮುಖ್ಯ. ಪದರ ಮತ್ತು ಬಣ್ಣ ಓದಲು ಮಣ್ಣಿನಲ್ಲಿ ಹದವಾದ ತೇವ ಇರಬೇಕು; ಬಿರುಕು ನೋಡಲು ಮಣ್ಣು ಪೂರ್ತಿ ಒಣಗಿರಬೇಕು. ಎರಡೂ ಒಂದೇ ಭೇಟಿಯಲ್ಲಿ ಸಿಗುವುದಿಲ್ಲ. ಒಣ ಕಾಲದಲ್ಲಿ ಬಂದು ಬಿರುಕಿನ ಅಗಲ, ಆಳ ಮಾತ್ರ ಅಳೆದು ಹೋದರೂ ಸರಿ, ಆ ಭೇಟಿಯನ್ನು ತಪ್ಪಿಸಬೇಡಿ. ವರ್ಗೀಕರಣದ ದಿಕ್ಕನ್ನೇ ಅದು ಬದಲಿಸಬಲ್ಲದು, ಹೇಗೆಂದು ಮುಂದೆ ನೋಡೋಣ.

ಪದರಗಳನ್ನು ಬಿಡಿಸುವುದು

ಸನಿಕೆ ತಾಗಿದ ಕಡೆ ಜೇಡಿ ಸವರಿದಂತಾಗಿ ಒಳಗಿನ ರಚನೆ ಮುಚ್ಚಿಹೋಗುತ್ತದೆ. ಚಾಕುವಿನ ತುದಿಯಿಂದ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಚುಚ್ಚಿ ಕಿತ್ತು, ಹೆಂಟೆಗಳು ತಮ್ಮ ಸಹಜ ಮೈಯಿಂದ ಒಡೆದು ಬರುವಂತೆ ಮಾಡಿ. ಪೂರ್ತಿ ಗೋಡೆ ಬೇಡ. ಅರ್ಧ ಗೋಡೆ ಕಿತ್ತದ್ದು, ಅರ್ಧ ನಯವಾಗಿ ಕೆರೆದದ್ದು ಇದ್ದರೆ ಹೋಲಿಸಲು ಅನುಕೂಲ. ಅಳತೆ ಪಟ್ಟಿ ನೇತುಹಾಕಿ, ಫೋಟೊ ತೆಗೆದು, ಬಣ್ಣ, ಗಡಸು, ರಚನೆ ಬದಲಾಗುವ ಗೆರೆಗಳಿಗೆ ಮೊಳೆ ಚುಚ್ಚಿ.

ಪದರಗಳಿಗೆ ಅಕ್ಷರದ ಹೆಸರಿಡುತ್ತಾರೆ: ಮೇಲಿನ ಪದರ ಎ, ಅದರ ಕೆಳಗೆ ಮಾರ್ಪಟ್ಟ ಮಣ್ಣು ಬಿ, ಹೆಚ್ಚು ಬದಲಾಗದ ಮೂಲವಸ್ತು ಸಿ. ಉಳುಮೆಯ ಪದರ ಎಪಿ. ಅದರ ಕೆಳಗೆ ಜೇಡಿ ಇಳಿದು ಸೇರಿದ್ದಕ್ಕೆ ಪುರಾವೆಯಿದ್ದರೆ ಬಿಟಿ. ಜಾರುಮೈ ಇದ್ದರೆ ಎಸ್‌ಎಸ್, ಸುಣ್ಣ ಶೇಖರವಾಗಿದ್ದರೆ ಕೆ, ನೀರು ನಿಂತು ಬೂದಿ ಬಣ್ಣವಾಗಿದ್ದರೆ ಜಿ ಎಂಬ ಬಾಲಗಳು ಸೇರುತ್ತವೆ. ನದಿ ಮೆಟ್ಟಿಲಿನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಅಕ್ಷರದ ಮುಂದೆ ಬರುವ ಅಂಕಿ. ಕೆಳಗಿನ ಪದರ ಬೇರೆಯೇ ಮೂಲವಸ್ತುವಿನದು ಎಂದು ಖಚಿತವಾದಾಗ ಅದಕ್ಕೆ 2 ಸೇರಿಸಿ 2ಸಿ ಅಥವಾ 2ಬಿಟಿ ಎಂದು ಬರೆಯುತ್ತಾರೆ. ಮೇಲೆ ಜೇಡಿ, ಕೆಳಗೆ ಉರುಟು ಕಲ್ಲುಗಳ ಮರಳು ಇರುವ ಮೆಟ್ಟಿಲು ಬಹಳ ಸಾಮಾನ್ಯ. ನದಿ ಪಾತ್ರದಲ್ಲಿ ಕಲ್ಲು, ಮರಳು ಮೊದಲು ಕೂತು, ಪಾತ್ರ ಸರಿದ ಮೇಲೆ ಪ್ರವಾಹದ ನಿಧಾನ ನೀರಿನಿಂದ ನಯವಾದ ಮಣ್ಣು ಅದರ ಮೇಲೆ ಬೀಳುತ್ತದೆ. ಆ ಗಡಿ ಕೆಲವೇ ಸೆಂಟಿಮೀಟರ್‌ನಲ್ಲಿ ಮುಗಿಯುತ್ತದೆಯೇ, ಕಲ್ಲುಗಳ ಸಾಲಿದೆಯೇ, ತೆಳು ಪಟ್ಟೆಗಳಿವೆಯೇ ನೋಡಿ ಬರೆಯಿರಿ.

ಕೈಯಲ್ಲಿ ಹಿಡಿದು ನೋಡಿ

2 ಮಿಲಿಮೀಟರ್‌ಗಿಂತ ದೊಡ್ಡ ಕಲ್ಲು ತೆಗೆದು, ಒಂದು ಹಿಡಿ ಮಣ್ಣಿಗೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ ನಾದಿ. ಜೇಡಿಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತದೆ, ಮೊದಲಿಗೆ ಹರಳು ಹರಳಾಗಿ ಮರಳಿನಂತೆ ಅನಿಸಿ ಮೋಸಮಾಡುತ್ತದೆ. ಒಂದೆರಡು ನಿಮಿಷ ಬಿಡದೆ ನಾದಿದ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಹೊರಡಿಸಿ. ಪಟ್ಟಿ 5 ಸೆಂಟಿಮೀಟರ್ ದಾಟಿಯೂ ತುಂಡಾಗದಿದ್ದರೆ ಅದು ಜೇಡಿಯ ಗುಂಪಿನ ಮಣ್ಣು. ಎರಡೂವರೆಯಿಂದ ಐದರ ನಡುವೆ ಮುರಿದರೆ ಜೇಡಿ ಗೋಡು. ಒಂದು ಚಿಟಿಕೆಯನ್ನು ಅಂಗೈಯಲ್ಲಿ ತೀರಾ ನೀರಾಗಿಸಿ ಉಜ್ಜಿದರೆ ಮರಳಿದ್ದರೆ ಚುಚ್ಚುತ್ತದೆ, ರೇವೆ ಹೆಚ್ಚಿದ್ದರೆ ಹಿಟ್ಟಿನಂತೆ ನಯ, ಜೇಡಿ ಹೆಚ್ಚಿದ್ದರೆ ಅಂಟು.

ಅಳತೆಯ ಲೆಕ್ಕದಲ್ಲಿ ಜೇಡಿ ಎಂದರೆ 0.002 ಮಿಲಿಮೀಟರ್‌ಗಿಂತ ಸಣ್ಣ ಕಣ. ರೇವೆ ಅಲ್ಲಿಂದ 0.05ರವರೆಗೆ, ಮರಳು 0.05ರಿಂದ 2ರವರೆಗೆ. ಈ ಮೂರರ ಪಾಲು ನೋಡಿ ಮಣ್ಣಿಗೆ ಹೆಸರು ಕೊಡುವ ಕಣರಚನೆಯ ತ್ರಿಕೋನದಲ್ಲಿ ಜೇಡಿ ಎಂಬ ಹೆಸರು ಸಿಗಬೇಕಾದರೆ ಶೇ. 40 ಅಥವಾ ಹೆಚ್ಚು ಜೇಡಿ, ಶೇ. 45ಕ್ಕಿಂತ ಕಡಿಮೆ ಮರಳು, ಶೇ. 40ಕ್ಕಿಂತ ಕಡಿಮೆ ರೇವೆ ಇರಬೇಕು. ವರ್ಗೀಕರಣದಲ್ಲಿ ಜೇಡಿಯುಕ್ತ ಎನ್ನುವುದು ಶೇ. 35ರಿಂದಲೇ ಶುರುವಾಗುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ ಮಂದಿ.

ಬಣ್ಣವನ್ನು, ಪ್ರತಿ ಬಣ್ಣಕ್ಕೂ ಒಂದು ಸಂಕೇತ ಕೊಟ್ಟಿರುವ ಮನ್ಸೆಲ್ ಪಟ್ಟಿಯ ಜೊತೆ ಹೋಲಿಸಿ, ಹೊಸದಾಗಿ ಒಡೆದ ಮೈ ಮೇಲೆ, ನೇರ ಬಿಸಿಲಿನಲ್ಲಿ. ತೇವವಾಗಿದ್ದಾಗಿನದು ಒಂದು, ಒಣಗಿದಾಗಿನದು ಒಂದು. ಮುಂಜಾವು, ಸಂಜೆಯ ಬೆಳಕಿನಲ್ಲಿ ಎಲ್ಲವೂ ಕೆಂಪಾಗಿ ಕಾಣುತ್ತದೆ.

ಹೊಳೆಯುವ ಮೈ ಎಲ್ಲವೂ ಒಂದೇ ಅಲ್ಲ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡಬೇಕೆನ್ನುವ ಜಾಗ ಇದು. ಜೇಡಿಮಣ್ಣಿನ ಹೆಂಟೆ ಒಡೆದಾಗ ಹೊಳಪಿನ ಮೈ ಕಾಣುತ್ತದೆ. ಅದು ಮೂರು ಬಗೆಯದಾಗಿರಬಹುದು, ಮೂರರ ಅರ್ಥವೂ ಬೇರೆ.

ಮೊದಲನೆಯದು ಜೇಡಿ ಲೇಪ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರದಲ್ಲಿ ನೋಡಿ. ಹೆಂಟೆಯ ಮೈ ಮೇಲೂ ಬೇರು ಹೋದ ಸಣ್ಣ ರಂಧ್ರಗಳ ಒಳಗೋಡೆಯಲ್ಲೂ ತೆಳು ಪೊರೆ ಇರುತ್ತದೆ. ಅದರ ಬಣ್ಣ ಹೆಂಟೆಯ ಒಳಭಾಗಕ್ಕಿಂತ ಬೇರೆ, ಹೆಚ್ಚಾಗಿ ಸ್ವಲ್ಪ ಗಾಢ. ಮರಳಿನ ಕಣಗಳು ಪೊರೆಯಡಿ ಮುಳುಗಿರುತ್ತವೆ. ಚಾಕುವಿನಿಂದ ಹೆಂಟೆಯನ್ನು ಅಡ್ಡಲಾಗಿ ಮುರಿದರೆ ಪೊರೆಯ ದಪ್ಪ ಒಂದು ಅಂಚಾಗಿ ಕಾಣುತ್ತದೆ. ಮೇಲಿನಿಂದ ಜೇಡಿ ಇಳಿದು ಬಂದಿದೆ ಎಂಬುದಕ್ಕೆ ಹೊಲದಲ್ಲಿ ಸಿಗುವ ಅತ್ಯುತ್ತಮ ಸಾಕ್ಷಿ ಇದೇ.

ಎರಡನೆಯದು ಜಾರುಮೈ. ಒದ್ದೆಯಾದಾಗ ಮಣ್ಣು ಹಿಗ್ಗಿ, ಒಂದು ತುಂಡು ಇನ್ನೊಂದರ ಮೇಲೆ ಜಾರಿದ ಗುರುತು. ಹೊಳಪಿನ ಜೊತೆಗೆ ಒಂದೇ ದಿಕ್ಕಿನಲ್ಲಿ ಓಡುವ ಸಣ್ಣ ಗೀರುಗಳಿರುತ್ತವೆ, ಬೆರಳಾಡಿಸಿದರೆ ತಿಳಿಯುತ್ತದೆ. ಮೈ ಅಂಗೈಯಗಲ ಅಥವಾ ಇನ್ನೂ ದೊಡ್ಡದಿರಬಹುದು, ನೆಲಮಟ್ಟಕ್ಕೆ ಓರೆಯಾಗಿರುತ್ತದೆ. ಇಂಥ ಎರಡು ಮೈಗಳು ಕೂಡುವಲ್ಲಿ ಬೆಣೆಯಾಕಾರದ ಹೆಂಟೆ ಹುಟ್ಟುತ್ತದೆ. ಅಮೆರಿಕದ ಮಣ್ಣಿನ ವರ್ಗೀಕರಣ ಪದ್ಧತಿಯಾದ ಸಾಯಿಲ್ ಟ್ಯಾಕ್ಸಾನಮಿಯ ಪ್ರಕಾರ ಬೆಣೆಯ ಉದ್ದನೆಯ ಅಕ್ಷ ನೆಲಮಟ್ಟಕ್ಕೆ 10ರಿಂದ 60 ಡಿಗ್ರಿ ಓರೆಯಾಗಿರಬೇಕು. ಕೋನಮಾಪಕ ಇಟ್ಟು ಅಳೆದು ಬರೆಯಿರಿ.

ಮೂರನೆಯದು ಬರೀ ಒತ್ತುಮೈ. ನಯವಾಗಿರುತ್ತದೆ, ಗೀರಿಲ್ಲ, ಒಳಗಿನ ಬಣ್ಣವೇ ಹೊರಗೂ ಇರುತ್ತದೆ. ಇದನ್ನು ಜೇಡಿ ಲೇಪವೆಂದು ಬರೆದರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಒಂದು ತೊಡಕಿದೆ. ಹೆಚ್ಚು ಹಿಗ್ಗಿ ಕುಗ್ಗುವ ಮಣ್ಣಿನಲ್ಲಿ ಆ ಚಲನೆಯೇ ಜೇಡಿ ಲೇಪವನ್ನು ಹರಿದು ಹಾಕುತ್ತದೆ. ಹಾಗಾಗಿ ಲೇಪ ಕಾಣಲಿಲ್ಲ ಎಂದ ಮಾತ್ರಕ್ಕೆ ಜೇಡಿ ಇಳಿದೇ ಇಲ್ಲ ಎನ್ನಲಾಗದು. ಅಲ್ಲಿ ಪ್ರಯೋಗಾಲಯದ ಅಂಕಿ ಬೇಕಾಗುತ್ತದೆ.

ನೀರಿನ ಗುರುತು

ಸಮತಟ್ಟು ನೆಲ, ಬಿಗಿ ಜೇಡಿ. ನೀರು ನಿಲ್ಲದೆ ಇರುವುದೇ ಅಪರೂಪ. ನೀರು ನಿಂತು ಗಾಳಿಯಾಡದಿದ್ದಾಗ ಕಬ್ಬಿಣ ಕರಗಿ ಸರಿದ ಕಡೆ ಮಣ್ಣು ಬೂದಿಯಾಗುತ್ತದೆ, ಮತ್ತೆ ಗಾಳಿ ಸಿಕ್ಕ ಕಡೆ ತುಕ್ಕಿನ ಬಣ್ಣದ ಮಚ್ಚೆ ಮೂಡುತ್ತದೆ. ಮಚ್ಚೆ ಎಲ್ಲಿದೆ ಎಂಬುದೇ ಕಥೆ ಹೇಳುತ್ತದೆ. ಬಿರುಕು, ಬೇರಿನ ದಾರಿಯ ಗುಂಟ ಬೂದಿ, ಹೆಂಟೆಯ ಒಳಗೆ ಕಂದು ಇದ್ದರೆ ಮೇಲಿನಿಂದ ಇಳಿದ ಮಳೆನೀರು ಬಿಗಿ ಪದರದ ಮೇಲೆ ತಂಗುತ್ತಿದೆ. ಹೆಂಟೆಯ ಒಳಗೆಲ್ಲ ಬೂದಿ, ಬೇರಿನ ದಾರಿಯಲ್ಲಿ ಮಾತ್ರ ತುಕ್ಕು ಇದ್ದರೆ ಕೆಳಗಿನಿಂದ ಅಂತರ್ಜಲ ಏರಿ ನಿಲ್ಲುತ್ತಿದೆ. ಮೊದಲನೆಯದಕ್ಕೆ ಮೇಲ್ಮೈ ಬಸಿಗಾಲುವೆ ಮತ್ತು ನೆಲ ಏರಿಸಿದ ಮಡಿ ನೆರವಾಗುತ್ತವೆ. ಎರಡನೆಯದಕ್ಕೆ ಆಳದ ಬಸಿಗಾಲುವೆಯೇ ಬೇಕು.

ಮೆಟ್ಟಿಲಿನಲ್ಲಿ ಎದುರಾಗುವ ಇನ್ನೊಂದು ಸಮಸ್ಯೆ: ಈ ಮಚ್ಚೆಗಳು ನದಿ ಇದೇ ಮಟ್ಟದಲ್ಲಿ ಹರಿಯುತ್ತಿದ್ದ ಕಾಲದವೂ ಆಗಿರಬಹುದು. ಮಚ್ಚೆಗಳ, ಗಟ್ಟಿಯಾದ ಕಬ್ಬಿಣದ ಗಂಟುಗಳ ಅಂಚು ಗೆರೆ ಎಳೆದಂತೆ ಚೂಪಾಗಿದ್ದರೆ ಹಳೆಯದಿರುವ ಸಂಭವ ಹೆಚ್ಚು; ಅಂಚು ಸುತ್ತಲಿನ ಮಣ್ಣಿನಲ್ಲಿ ಕರಗಿದಂತಿದ್ದರೆ ಈಗಲೂ ನಡೆಯುತ್ತಿದೆ. ಅನುಮಾನವಿದ್ದರೆ ಮಣ್ಣು ನೀರಿನಿಂದ ತುಂಬಿರುವಾಗ ಆಲ್ಫಾ ಆಲ್ಫಾ ಡೈಪಿರಿಡಿಲ್ ದ್ರಾವಣ ಹನಿಸಿ. ಕೆಂಪು ಅಥವಾ ಗುಲಾಬಿ ಬಣ್ಣ ಬಂದರೆ ಗಾಳಿಯಿಲ್ಲದಾಗ ಕರಗುವ ರೂಪದ ಕಬ್ಬಿಣ, ಅಂದರೆ ಫೆರಸ್ ಕಬ್ಬಿಣ ಇದೆ ಎಂದರ್ಥ. ಒಣ ಮಣ್ಣಿನಲ್ಲಿ ಈ ಪರೀಕ್ಷೆಗೆ ಬೆಲೆಯಿಲ್ಲ. ಹಾಗೆಯೇ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿ, ಯಾವ ಆಳದಿಂದ ನೊರೆ ಬರುತ್ತದೆ ಎಂದು ಗುರುತು ಹಾಕಿ. ಅಲ್ಲಿಂದ ಸುಣ್ಣ ಶುರು.

ಪ್ರಯೋಗಾಲಯದಿಂದ ಏನು ಕೇಳಬೇಕು

ಮಾದರಿಯನ್ನು ಪದರದ ಪ್ರಕಾರ, ಕೆಳಗಿನಿಂದ ಮೇಲಕ್ಕೆ ತೆಗೆಯಿರಿ; ಮೇಲಿನಿಂದ ಶುರುಮಾಡಿದರೆ ಉದುರಿದ ಮಣ್ಣು ಕೆಳಗಿನದರ ಜೊತೆ ಬೆರೆಯುತ್ತದೆ. 15 ಸೆಂಟಿಮೀಟರ್‌ಗೊಂದರಂತೆ ಯಾಂತ್ರಿಕವಾಗಿ ಕತ್ತರಿಸಬೇಡಿ. ಸಾಂದ್ರತೆ ಮತ್ತು ಕುಗ್ಗುವಿಕೆಗೆ ಒಡೆಯದ ಹೆಂಟೆಗಳು ಬೇರೆಯೇ ಬೇಕು.

ಕಣರಚನೆಗೆ, ಕಣಗಳು ನೀರಿನಲ್ಲಿ ಕೂರುವ ವೇಗದಿಂದ ಅಳೆಯುವ ಪಿಪೆಟ್ ವಿಧಾನ ಕೇಳಿ. ಸಾವಯವ ಅಂಶವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತೆಗೆದು, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಕಣ ಬಿಡಿಸಿ, 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ಸೆಂಟಿಮೀಟರ್ ಆಳದಿಂದ ಜೇಡಿಯ ಭಾಗ ತೆಗೆಯಲು ಸುಮಾರು 8 ಗಂಟೆ ಕಾಯಬೇಕು. ಕಣಗಳು ಪೂರ್ತಿ ಬಿಟ್ಟುಕೊಂಡಿಲ್ಲದಿದ್ದರೆ ಜೇಡಿಯ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಇದನ್ನು ಪರಿಶೀಲಿಸಲು 1500 ಕಿಲೋಪಾಸ್ಕಲ್ ಒತ್ತಡದಲ್ಲಿ ಉಳಿಯುವ ನೀರಿನ ಶೇಕಡಾವಾರನ್ನು ಜೇಡಿಯ ಶೇಕಡಾವಾರಿನಿಂದ ಭಾಗಿಸಿ. ಸಾಮಾನ್ಯವಾಗಿ 0.4ರ ಆಸುಪಾಸು ಬರಬೇಕು, 0.6 ದಾಟಿದರೆ ಆ ಜೇಡಿಯ ಅಂಕಿಯನ್ನು ನಂಬಬೇಡಿ.

ಹಿಗ್ಗು ಕುಗ್ಗಿಗೆ ಕೋಲ್ ಎಂಬ ಅಳತೆಯಿದೆ: ತೇವದ ಉದ್ದದಿಂದ ಒಣ ಉದ್ದ ಕಳೆದು, ಒಣ ಉದ್ದದಿಂದ ಭಾಗಿಸುವುದು. ತೇವದಲ್ಲಿ 10 ಸೆಂಟಿಮೀಟರ್ ಇದ್ದದ್ದು ಒಣಗಿ 9.2 ಆದರೆ 0.087. 0.03ರೊಳಗೆ ಕಡಿಮೆ, 0.06ರಿಂದ 0.09 ಹೆಚ್ಚು, ಅದಕ್ಕೂ ಮೇಲೆ ಅತಿ ಹೆಚ್ಚು. ನಾದಿದ ಮಣ್ಣನ್ನು ಕಡ್ಡಿಯಂತೆ ಹಿಂಡಿ ಮನೆಯಲ್ಲೂ ಅಳೆಯಬಹುದು, ಆದರೆ ನಾದಿದ್ದರಿಂದ ಸಹಜ ಹೆಂಟೆಗಿಂತ ಹೆಚ್ಚೇ ತೋರಿಸುತ್ತದೆ.

ಧನ ಅಯಾನುಗಳನ್ನು ಹಿಡಿದಿಟ್ಟು ಬಿಟ್ಟುಕೊಡುವ ಶಕ್ತಿ, ಅಂದರೆ ಕ್ಯಾಟಯಾನ್ ವಿನಿಮಯ ಸಾಮರ್ಥ್ಯ, ಜೇಡಿಯ ಜಾತಿಯನ್ನು ಹೇಳುತ್ತದೆ. ಕಿಲೋಗೆ ಸೆಂಟಿಮೋಲ್ ಲೆಕ್ಕದಲ್ಲಿ ಅಷ್ಟಾಗಿ ಹಿಗ್ಗದ ಕೆಯೊಲಿನೈಟ್ 3ರಿಂದ 15, ಬಹಳ ಹಿಗ್ಗುವ ಸ್ಮೆಕ್ಟೈಟ್ 80ಕ್ಕೂ ಹೆಚ್ಚು. ಶೇ. 50 ಜೇಡಿಯಿರುವ ಎರಡು ಮಣ್ಣುಗಳಲ್ಲಿ ಒಂದು ಬಿರುಕೇ ಬಿಡದೆ, ಇನ್ನೊಂದು ಕೈ ತೂರುವಷ್ಟು ಬಾಯ್ಬಿಡುವುದು ಈ ವ್ಯತ್ಯಾಸದಿಂದ. ಇವುಗಳ ಜೊತೆಗೆ ಪಿಎಚ್, ಸಾವಯವ ಇಂಗಾಲ, ಪ್ರತ್ಯಾಮ್ಲ ಸಂತೃಪ್ತತೆ (ಆ ವಿನಿಮಯ ಸಾಮರ್ಥ್ಯದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥವುಗಳ ಪಾಲು), ವಿದ್ಯುತ್ ವಾಹಕತೆ, ವಿನಿಮಯ ಸೋಡಿಯಂ ಬೇಕು. ಸೋಡಿಯಂ ಪ್ರಮಾಣ ಶೇ. 15 ಮುಟ್ಟಿದರೆ ಜೇಡಿ ಚದುರಿ ರಂಧ್ರ ಮುಚ್ಚುವ ಅಪಾಯವಿದೆ.

ಈಗ ಆ ಪ್ರಶ್ನೆಗೆ ಉತ್ತರ

ಜೇಡಿ ತೂಕವನ್ನು ಕಳೆದು, ಉಳಿದ ಭಾಗದಲ್ಲಿ ನಯ ಮರಳಿಗೂ ಒರಟು ಮರಳಿಗೂ ಇರುವ ಅನುಪಾತವನ್ನು ಪದರ ಪದರಕ್ಕೆ ಬರೆಯಿರಿ. ಮೇಲಿನಿಂದ ಕೆಳಗಿನವರೆಗೆ ಅನುಪಾತ ಹೆಚ್ಚುಕಡಿಮೆ ಒಂದೇ ಇದ್ದರೆ ಮೂಲವಸ್ತು ಒಂದೇ. ಜೇಡಿಯ ಏರಿಕೆ ಆಮೇಲೆ ಆದದ್ದು. ಅನುಪಾತ ಒಮ್ಮೆಲೇ ನೆಗೆದರೆ ಅಲ್ಲಿ ನದಿಯ ಬೇರೊಂದು ಸಂಚಯ ಶುರುವಾಗಿದೆ. ಮರಳು ಹೀಗೆ ನಂಬಿಗಸ್ತ ಸಾಕ್ಷಿಯಾಗುವುದು ಅದು ನೀರಿನ ಜೊತೆ ಮಣ್ಣಿನೊಳಗೆ ಇಳಿಯದ ಕಾರಣಕ್ಕೆ. ಇನ್ನೊಂದು ಸಾಕ್ಷಿ ಅತಿ ನಯ ಜೇಡಿ, ಅಂದರೆ 0.0002 ಮಿಲಿಮೀಟರ್‌ಗಿಂತ ಸಣ್ಣದು. ಇಳಿಯುವಾಗ ಮೊದಲು ಇಳಿಯುವುದು ಅದೇ. ಒಟ್ಟು ಜೇಡಿಯಲ್ಲಿ ಅದರ ಪಾಲು ಮೇಲಿನ ಪದರಕ್ಕಿಂತ ಕೆಳಗೆ 1.2 ಪಟ್ಟು ಅಥವಾ ಹೆಚ್ಚಿದ್ದರೆ ಇಳಿದು ಬಂದಿದೆ ಎನ್ನಲು ಆಧಾರ ಸಿಕ್ಕಂತೆ. ಸಾವಯವ ಇಂಗಾಲ ಆಳಕ್ಕೆ ಹೋದಂತೆ ಸಮವಾಗಿ ಇಳಿಯದೆ ಏರಿಳಿದಿದ್ದರೆ, ಮಣ್ಣು ಇನ್ನೂ ನದಿಯ ಸಂಚಯದ ಹಂತದಲ್ಲೇ ಇದೆ.

ಹೆಸರಿಡುವುದು

ಬಳಕೆಯಲ್ಲಿರುವ ದೊಡ್ಡ ಪದ್ಧತಿಗಳು ಎರಡು. 1975ರಲ್ಲಿ ಮೊದಲು ಪ್ರಕಟವಾದ ಅಮೆರಿಕದ ಸಾಯಿಲ್ ಟ್ಯಾಕ್ಸಾನಮಿಯಲ್ಲಿ 12 ಗಣಗಳಿವೆ. ಡಬ್ಲ್ಯುಆರ್‌ಬಿ ಎಂಬ ಅಂತರರಾಷ್ಟ್ರೀಯ ಪದ್ಧತಿಯ 2022ರ ಆವೃತ್ತಿಯಲ್ಲಿ 32 ಗುಂಪುಗಳು. ಎರಡರಲ್ಲೂ ಕೀಲಿಯನ್ನು, ಅಂದರೆ ವರ್ಗಗಳ ಷರತ್ತುಗಳನ್ನು ಕ್ರಮವಾಗಿ ಕೊಟ್ಟ ಪಟ್ಟಿಯನ್ನು, ಮೊದಲಿನಿಂದ ಓದುತ್ತ ಬಂದು, ಮೊದಲು ಹೊಂದುವ ಕಡೆ ನಿಲ್ಲಬೇಕು. ಇಷ್ಟವಾದ ಹೆಸರಿಗೆ ನೇರ ಹಾರುವಂತಿಲ್ಲ.

ಒಂದು ಕಾಲ್ಪನಿಕ ಗುಂಡಿ ತೆಗೆದುಕೊಳ್ಳೋಣ. 0–18 ಸೆಂ.ಮೀ. ಎಪಿ, ಜೇಡಿ ಶೇ. 32, 18–35 ಎ, ಬಿ ನಡುವಿನ ಬಿಎ, ಶೇ. 37, 35–75 ಬಿಟಿ, ಶೇ. 46, ಲೇಪ ಸ್ಪಷ್ಟ. 75–120 ಬಿಟಿಎಸ್‌ಎಸ್, ಶೇ. 50, ಜಾರುಮೈ ಇದೆ; 120ರ ಕೆಳಗೆ 2ಸಿ, ಕಲ್ಲು ಮರಳು, ಶೇ. 8. ಮೇಲ್ಪದರದ ಬಣ್ಣ ತೇವದಲ್ಲಿ 10ವೈಆರ್ 4/3, ಅಂದರೆ ಕಂದು. ಪ್ರತ್ಯಾಮ್ಲ ಸಂತೃಪ್ತತೆ ಶೇ. 78. ಹವೆ ಬಿಸಿ, ವರ್ಷದಲ್ಲಿ ಒಂದು ಒಣ ಕಾಲ ಇದ್ದು ಮಣ್ಣಿನ ತೇವಾಂಶದ ವರ್ಗ ಉಸ್ಟಿಕ್.

ಸಾಯಿಲ್ ಟ್ಯಾಕ್ಸಾನಮಿಯ ಕೀಲಿಯಲ್ಲಿ, ಈ ಮಣ್ಣಿಗೆ ಹೊಂದಬಹುದಾದ ಗಣಗಳ ಪೈಕಿ ಮೊದಲು ಬರುವುದು ವರ್ಟಿಸಾಲ್, ಅಂದರೆ ಹಿಗ್ಗಿ ಕುಗ್ಗಿ ಬಿರುಕು ಬಿಡುವ ಜೇಡಿಮಣ್ಣು. ಅದಕ್ಕೆ 100 ಸೆಂಟಿಮೀಟರ್ ಒಳಗೆ ಶುರುವಾಗುವ, 25 ಸೆಂಟಿಮೀಟರ್ ಅಥವಾ ಹೆಚ್ಚು ದಪ್ಪದ ಜಾರುಮೈಯ ಪದರ ಬೇಕು: ಇದೆ. ಮೇಲಿನ 18 ಸೆಂಟಿಮೀಟರ್‌ನಲ್ಲಿ ಸರಾಸರಿ ಶೇ. 30 ಅಥವಾ ಹೆಚ್ಚು, 18ರಿಂದ 50ರವರೆಗಿನ ಪ್ರತಿ ಪದರದಲ್ಲೂ ಶೇ. 30 ಅಥವಾ ಹೆಚ್ಚು ಜೇಡಿ ಬೇಕು: ಇದೆ. ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕು ಬೇಕು. ಒಣ ಕಾಲದ ಭೇಟಿಯಲ್ಲಿ ಬಿರುಕು ಅಳೆದು ಬಂದಿದ್ದರೆ ಇದು ವರ್ಟಿಸಾಲ್, ಅದರಲ್ಲೂ ಉಸ್ಟಿಕ್ ತೇವಾಂಶದ ಉಪಗಣವಾದ ಉಸ್ಟರ್ಟ್. ಅಲ್ಲಿಗೆ ಬಿಟಿಯ ಲೆಕ್ಕವೇ ಬೇಕಾಗುವುದಿಲ್ಲ.

ಬಿರುಕು ಆ ಮಟ್ಟಕ್ಕೆ ಇಲ್ಲವಾದರೆ ಮುಂದಕ್ಕೆ ಹೋಗಿ. ಆರ್ಗಿಲಿಕ್ ಪದರಕ್ಕೆ, ಅಂದರೆ ಜೇಡಿ ಇಳಿದು ಸೇರಿದ ಪದರಕ್ಕೆ, ಮೇಲೆ ಶೇ. 15ರಿಂದ 40 ಜೇಡಿ ಇದ್ದಾಗ ಕೆಳಗೆ 1.2 ಪಟ್ಟು ಬೇಕು. 32ಕ್ಕೆ 1.2 ಪಟ್ಟು ಅಂದರೆ 38.4, ಇಲ್ಲಿ 46 ಇದೆ, ಲೇಪವೂ ಇದೆ. ಸಂತೃಪ್ತತೆ ಶೇ. 35ಕ್ಕಿಂತ ಹೆಚ್ಚಾದ್ದರಿಂದ, ಸಂತೃಪ್ತತೆ ಕಡಿಮೆಯಿರುವ ಗಣವಾದ ಅಲ್ಟಿಸಾಲ್ ಅಲ್ಲ. ಮೇಲ್ಪದರ, ಗಾಢ ಬಣ್ಣದ ಮೇಲ್ಪದರವಿರುವ ಗಣವಾದ ಮೊಲ್ಲಿಸಾಲ್‌ಗೆ ಬೇಕಾದಷ್ಟು ಗಾಢವಲ್ಲ. ಉಳಿದದ್ದು ಜೇಡಿ ಇಳಿದು ಸೇರಿದ, ಸಂತೃಪ್ತತೆ ಹೆಚ್ಚಿರುವ ಆಲ್ಫಿಸಾಲ್, ಅದರಲ್ಲಿ ಉಸ್ಟಿಕ್ ತೇವಾಂಶದ ಉಸ್ಟಾಲ್ಫ್. ಜಾರುಮೈ, ಹಿಗ್ಗುವಿಕೆಯ ಅಂಕಿಗಳು ಸಾಕಷ್ಟಿದ್ದರೆ ವರ್ಟಿಕ್, ಅಂದರೆ ವರ್ಟಿಸಾಲ್‌ನತ್ತ ವಾಲುವ ಗುಣದ ಉಪಗುಂಪು. ಡಬ್ಲ್ಯುಆರ್‌ಬಿಯಲ್ಲಿ ಅದೇ ಮಣ್ಣು, ಜೇಡಿ ಇಳಿದು ಸೇರಿದ ಗುಂಪಾದ ಲುವಿಸಾಲ್‌ನತ್ತ ಹೋಗುತ್ತದೆ; ಆದರೆ ಅಲ್ಲಿ ಏರಿಕೆಯ ಅನುಪಾತ 1.2 ಸಾಲದು, 1.4 ಬೇಕು, ಇಲ್ಲವೇ ಲೇಪದ ಪುರಾವೆ ಸಾಕಷ್ಟಿರಬೇಕು. 46 ಇದ್ದದ್ದು 42 ಆಗಿದ್ದರೆ ಅಮೆರಿಕದ ಪದ್ಧತಿಯ ಏರಿಕೆಯ ಅಂಕಿ ದಾಟುತ್ತಿತ್ತು, ಡಬ್ಲ್ಯುಆರ್‌ಬಿಯದು ದಾಟದೆ ಲೇಪದ ಸಾಕ್ಷಿಯನ್ನೇ ನೆಚ್ಚಬೇಕಾಗುತ್ತಿತ್ತು.

ಲೇಪವೂ ಇಲ್ಲ, ಮರಳಿನ ಅನುಪಾತವೂ 35ರಲ್ಲಿ ನೆಗೆದಿದೆ ಎಂದಿಟ್ಟುಕೊಳ್ಳಿ. ಆಗ ಆ ಪದರಕ್ಕೆ ಬಿಟಿ ಎಂಬ ಹೆಸರೇ ಸಲ್ಲದು. ರಚನೆ, ಬಣ್ಣ ಮೂಡಿದ್ದರೆ ಈಗಷ್ಟೇ ಬೆಳೆಯತೊಡಗಿದ ಮಣ್ಣಿನ ಗಣವಾದ ಇನ್ಸೆಪ್ಟಿಸಾಲ್; ಪ್ರವಾಹದ ಪಟ್ಟೆಗಳೇ ಉಳಿದಿದ್ದರೆ ಇನ್ನೂ ಬೆಳೆಯದ ಮಣ್ಣಿನ ಗಣವಾದ ಎಂಟಿಸಾಲ್. ಜೇಡಿಯ ಅಂಕಿ ಬದಲಾಗಿಲ್ಲ, ಅದರ ಮೂಲ ಬದಲಾಗಿದೆ ಅಷ್ಟೇ.

ಕೊನೆಗೆ ಕುಟುಂಬದ ಮಟ್ಟ: ಜೇಡಿ ಶೇ. 35ರಿಂದ 60ರೊಳಗಿದ್ದರೆ ಫೈನ್, 60 ಮತ್ತು ಮೇಲಿದ್ದರೆ ವೆರಿ ಫೈನ್. ಅದರ ಜೊತೆ ಜೇಡಿಯ ಖನಿಜ, ಮಣ್ಣಿನ ಉಷ್ಣಾಂಶದ ವರ್ಗ ಸೇರುತ್ತವೆ.

ಹೆಸರು ಸಿಕ್ಕಿತೆಂದು ನಿಲ್ಲಬೇಡಿ. ಒಂದು ಗುಂಡಿ ಇಡೀ ಮೆಟ್ಟಿಲಿನ ಪ್ರತಿನಿಧಿಯಲ್ಲ. ನದಿಗೆ ಅಡ್ಡಲಾಗಿ ಒಂದು ಗೆರೆ ಹಿಡಿದು, ಬೈರಿಗೆಯಿಂದ ಅಲ್ಲಲ್ಲಿ ತೂತು ಕೊರೆದು, ಜೇಡಿಯ ದಪ್ಪ ಮತ್ತು ಕಲ್ಲು ಮರಳು ಶುರುವಾಗುವ ಆಳವನ್ನು ಮಾತ್ರ ಬರೆಯುತ್ತ ಹೋಗಿ. 120 ಸೆಂಟಿಮೀಟರ್‌ನಲ್ಲಿದ್ದ ಕಲ್ಲು 60ಕ್ಕೆ ಏರಿದ ಕಡೆ ನೀರು ಬಸಿಯುವ ಬಗೆ, ಬೇರು ಇಳಿಯುವ ಆಳ, ಮಣ್ಣಿನ ಹೆಸರು ಮೂರೂ ಬದಲಾಗಬಹುದು. ಎರಡನೇ ಗುಂಡಿಯನ್ನು ಅಲ್ಲಿ ತೋಡಿ.